ಖಾಲಿ ಆಕಾಶದಲ್ಲಿ ರಾಡಾರ್‌ಗೆ ಏನು ಕಾಣುತ್ತದೆ?

ಪ್ರಶ್ನೆ: ನಾನು ಮುಳಬಾಗಿಲಿನವಳು, ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಹೋದ ತಿಂಗಳು ತಿರುಪತಿಗೆ ಹೋಗುವಾಗ ಗಾದಂಕಿ ಹತ್ತಿರ ಅಪ್ಪ ಒಂದು ಮಾತು ಹೇಳಿದರು. ಅಲ್ಲಿ ದೊಡ್ಡ ರಾಡಾರ್ ಇದೆಯಂತೆ, ಮೋಡಕ್ಕಿಂತ ಎಷ್ಟೋ ಮೇಲೆ ಗಾಳಿಯಲ್ಲಿ ಏಳುವ ಅಲೆಗಳನ್ನು ಅದು ನೋಡುತ್ತದಂತೆ. ವಿಮಾನ ಆದರೆ ಲೋಹ, ಮಳೆ ಆದರೆ ಹನಿ. ಖಾಲಿ ಆಕಾಶದಲ್ಲಿ ರಾಡಾರ್ ಯಾವುದಕ್ಕೆ ತಗುಲಿ ವಾಪಸ್ ಬರುತ್ತದೆ? ಗಾಳಿಯಲ್ಲಿ ಅಲೆ ಅಂದರೇನು? ಅದನ್ನು ಅಳೆದು ಏನು ಉಪಯೋಗ?

ಉತ್ತರ: ನಿಮ್ಮ ಅಪ್ಪ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಏನಂದರೆ, ರಾಡಾರ್ ಅಲೆಯನ್ನು ನೋಡುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಇಷ್ಟೇ: ಈ ಎತ್ತರದ ಗಾಳಿ ನನ್ನ ಕಡೆ ಬರುತ್ತಿದೆಯಾ, ದೂರ ಹೋಗುತ್ತಿದೆಯಾ, ಎಷ್ಟು ವೇಗದಲ್ಲಿ. ಅಲೆ ಅಡಗಿರುವುದು ಆ ಅಂಕಿಗಳ ಸಾಲಿನಲ್ಲಿ. ಹುಡುಕಿ ತೆಗೆಯುವುದು ಕಂಪ್ಯೂಟರ್ ಮುಂದೆ ಕೂತವರ ಕೆಲಸ. ನಾನೂ ಹಾಗೆ ಬಹಳ ವರ್ಷ ಕೂತವನು. ಅದಕ್ಕೇ ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು.

ಮೊದಲು ಅಲೆ. ನೀರಿನ ತೊಟ್ಟಿಯಲ್ಲಿ ಖಾಲಿ ಪ್ಲಾಸ್ಟಿಕ್ ಬಿಂದಿಗೆಯನ್ನು ಒತ್ತಿ ಬಿಟ್ಟುಬಿಡಿ. ಮೇಲೆ ಚಿಮ್ಮುತ್ತದೆ, ಬೇಕಾದ್ದಕ್ಕಿಂತ ಜಾಸ್ತಿನೇ ಬರುತ್ತದೆ, ಮತ್ತೆ ಮುಳುಗುತ್ತದೆ, ನಾಲ್ಕೈದು ಸಲ ಕುಣಿದು ನಿಲ್ಲುತ್ತದೆ. ಗಾಳಿಯೂ ಹಾಗೇ. ಒಂದಷ್ಟು ಗಾಳಿಯನ್ನು ಮೇಲಕ್ಕೆ ತಳ್ಳಿದರೆ ಅದು ಹಿಗ್ಗುತ್ತದೆ, ಹಿಗ್ಗಿ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಗಿಂತ ಭಾರವಾಗಿ ಕೆಳಗಿಳಿಯುತ್ತದೆ. ಇಳಿಯುವ ಭರದಲ್ಲಿ ತನ್ನ ಜಾಗವನ್ನೂ ದಾಟಿ ಕೆಳಗೆ ಹೋಗುತ್ತದೆ. ಅಲ್ಲಿ ಬಿಸಿಯಾಗಿ, ಹಗುರವಾಗಿ ಮತ್ತೆ ಮೇಲೆ. ಈ ಒಂದು ತೂಗಾಟಕ್ಕೆ ಮೋಡಗಳಿರುವ ಎತ್ತರದಲ್ಲಿ ಸುಮಾರು 10 ನಿಮಿಷ ಬೇಕು. ಅದಕ್ಕೂ ಮೇಲಿನ ಸ್ತರದಲ್ಲಿ ಸುಮಾರು 5 ನಿಮಿಷ ಸಾಕು. ಒಂದು ಕಡೆ ಶುರುವಾದ ಈ ಕುಣಿತ ಪಕ್ಕದ ಗಾಳಿಯನ್ನು ಕುಣಿಸುತ್ತದೆ, ಮೇಲಿನದನ್ನೂ ಕುಣಿಸುತ್ತದೆ. ಅದೇ ಅಲೆ. ಆಕಾಶದಲ್ಲಿ ಕೆಲವು ದಿನ ಮೋಡಗಳು ಉತ್ತ ಹೊಲದ ಸಾಲಿನಂತೆ ಒಂದರ ಪಕ್ಕ ಒಂದು ಬಿದ್ದಿರುತ್ತವೆ, ನೋಡಿರುತ್ತೀರಿ. ಎಷ್ಟೋ ಸಲ ಅದು ಈ ಅಲೆಯ ಗುರುತೇ. ಅಲೆ ಮೇಲೆದ್ದ ಕಡೆ ಗಾಳಿ ತಣ್ಣಗಾಗಿ ಮೋಡ ಕಟ್ಟುತ್ತದೆ, ಇಳಿದ ಕಡೆ ಮೋಡ ಕರಗುತ್ತದೆ.

ಲ್ಯಾಬ್‌ನಲ್ಲಿ ಇದಕ್ಕೆ ಗ್ರಾವಿಟಿ ವೇವ್ ಅನ್ನುತ್ತಾರೆ. ಭೂಮಿಯ ಸೆಳೆತವೇ ಗಾಳಿಯನ್ನು ಮತ್ತೆ ಮತ್ತೆ ಜಾಗಕ್ಕೆ ಎಳೆಯುವುದರಿಂದ ಆ ಹೆಸರು. ಕಪ್ಪು ಕುಳಿಗಳು ಡಿಕ್ಕಿ ಹೊಡೆದಾಗ ಬರುವ ಗ್ರಾವಿಟೇಶನಲ್ ವೇವ್ ಬೇರೆ, ಇದು ಬೇರೆ. 2016ರಲ್ಲಿ ಆ ಬೇರೆ ಅಲೆಯನ್ನು ಹಿಡಿದ ಲೈಗೋ ವೀಕ್ಷಣಾಲಯದ ಸುದ್ದಿ ಬಂದಾಗ ನನಗೆ ಅಭಿನಂದನೆ ಹೇಳಿದವರು ಒಬ್ಬಿಬ್ಬರಲ್ಲ. ಮೊದಮೊದಲು ಬಿಡಿಸಿ ಹೇಳಿದೆ, ಆಮೇಲೆ ಸುಮ್ನೆ ಥ್ಯಾಂಕ್ಸ್ ಅಂದುಬಿಟ್ಟೆ.

ಇವನ್ನು ಎಬ್ಬಿಸುವವರು ಯಾರು? ಮುಂಗಾರಿನ ಗಾಳಿ ಪಶ್ಚಿಮ ಘಟ್ಟಕ್ಕೆ ಬಂದು ಗುದ್ದಿ ಮೇಲೇರುತ್ತದಲ್ಲ, ಅದು ಎಬ್ಬಿಸುತ್ತದೆ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗಿನ ಮೋಡ ಹೂಕೋಸಿನಂತೆ ಉಬ್ಬುತ್ತಾ ಹೋಗಿ ಮೇಲಿನ ಸ್ತರಕ್ಕೆ ತಲೆ ಗುದ್ದುತ್ತದೆ, ಅದೂ ಎಬ್ಬಿಸುತ್ತದೆ. ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆ 15 ಕಿ.ಮೀ. ಸುಮಾರಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಬಿರುಗಾಳಿಯ ಹೊಳೆಯೇ ಹರಿಯುತ್ತದೆ, ಅದರ ಅಂಚಿನಲ್ಲೂ ಅಲೆ ಏಳುತ್ತದೆ. ಎಲ್ಲ ಕೆಳಗಿನ ಸದ್ದುಗದ್ದಲವೇ. ಆದರೆ ಅದರ ಪೆಟ್ಟು ಬೀಳುವುದು 80, 90 ಕಿ.ಮೀ. ಎತ್ತರದಲ್ಲಿ.

ಹೇಗೆ ಅಂತೀರಾ? ಚಾವಟಿಯನ್ನು ನೆನೆಯಿರಿ. ಹಿಡಿಯ ಹತ್ತಿರ ದಪ್ಪ, ತುದಿಗೆ ಹೋಗ್ತಾ ಹೋಗ್ತಾ ತೆಳು. ಕೈ ಅಲ್ಲಾಡಿಸಿದ್ದು ಗೇಣುದ್ದ, ತುದಿ ಮಾತ್ರ ಛಟೀರ್ ಅನ್ನುತ್ತದೆ. ವಾತಾವರಣವೂ ಅಂಥ ಚಾವಟಿ. 10 ಕಿ.ಮೀ. ಎತ್ತರದ ಗಾಳಿಗೆ ಹೋಲಿಸಿದರೆ 90 ಕಿ.ಮೀ. ಎತ್ತರದ ಗಾಳಿ ಲಕ್ಷ ಪಟ್ಟಿಗೂ ಜಾಸ್ತಿ ತೆಳು. ಅಲೆ ಹೊತ್ತು ತಂದ ಶಕ್ತಿ ಅಷ್ಟೇ ಇರುತ್ತದೆ, ಅಲ್ಲಾಡಿಸಬೇಕಾದ ಗಾಳಿ ಕಮ್ಮಿಯಾಗುತ್ತದೆ. ಹಾಗಾಗಿ ಅಲ್ಲಾಟ ಮುನ್ನೂರು ಪಟ್ಟಿನಷ್ಟು ದೊಡ್ಡದಾಗುತ್ತದೆ. ಕೆಳಗೆ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಇದ್ದದ್ದು ಮೇಲೆ ಸೆಕೆಂಡಿಗೆ 30 ಮೀಟರ್. ಅಷ್ಟು ದೊಡ್ಡದಾದ ಅಲೆ ತನ್ನ ಭಾರಕ್ಕೆ ತಾನೇ ಮಗುಚಿಕೊಳ್ಳುತ್ತದೆ, ಮಲ್ಪೆ ದಡದಲ್ಲಿ ಸಮುದ್ರದ ಅಲೆ ಒಡೆದ ಹಾಗೆ. ಒಡೆದಾಗ ಹೊತ್ತು ತಂದಿದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. 1960ರಲ್ಲಿ ಕಾಲಿನ್ ಹೈನ್ಸ್ ಎಂಬ ವಿಜ್ಞಾನಿ, ಅಷ್ಟು ಎತ್ತರದಲ್ಲಿ ಕಾಣುವ ಗಾಳಿಯ ಕಲಸುಮೇಲೋಗರಕ್ಕೆಲ್ಲ ಈ ಅಲೆಗಳೇ ಕಾರಣ ಎಂದು ತೋರಿಸಿದರು. ಅಲ್ಲಿಯವರೆಗೆ ಅದನ್ನು ಬರೀ ಗೊಂದಲ ಎಂದು ಬದಿಗಿಟ್ಟವರೇ ಜಾಸ್ತಿ.

ಈಗ ನಿಮ್ಮ ನಿಜವಾದ ಪ್ರಶ್ನೆ: ಖಾಲಿ ಆಕಾಶ.

ಮಟಮಟ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗುವುದನ್ನು ನೋಡಿದ್ದೀರಿ. ಅಲ್ಲಿ ಹೊಗೆಯಿಲ್ಲ, ಧೂಳಿಲ್ಲ. ಬಿಸಿ ಗಾಳಿ, ತಣ್ಣನೆ ಗಾಳಿ ಕಲೆಸಿಕೊಂಡಿವೆ, ಎರಡೂ ಬೆಳಕನ್ನು ಬೇರೆ ಬೇರೆ ಥರ ಬಗ್ಗಿಸುತ್ತವೆ, ಅಷ್ಟೇ. ರೇಡಿಯೋ ತರಂಗಕ್ಕೂ ಹಾಗೇ. ಗಾಳಿ ಕದಡಿದ ಕಡೆ ಉಷ್ಣತೆ, ತೇವ ಎಲ್ಲ ಏರುಪೇರಾಗಿರುತ್ತದೆ. ಅಲ್ಲಿಂದ ತರಂಗದ ಒಂದು ಎಳೆ, ತೀರಾ ಸಣ್ಣ ಎಳೆ, ವಾಪಸ್ ಬರುತ್ತದೆ. ಎಲ್ಲ ಏರುಪೇರಿನಿಂದಲೂ ಬರುವುದಿಲ್ಲ. ರಾಡಾರ್ ತರಂಗದ ಉದ್ದದ ಸರಿಯಾಗಿ ಅರ್ಧದಷ್ಟು ಅಂತರದ ಏರುಪೇರು ಬೇಕು, ಆಗ ಮಾತ್ರ ಒಂದೊಂದು ಪದರದ ಪ್ರತಿಧ್ವನಿ ಇನ್ನೊಂದರ ಜೊತೆ ತಾಳ ಕೂಡಿ ಬರುತ್ತದೆ. ಗಾದಂಕಿ ರಾಡಾರ್ ಕೆಲಸ ಮಾಡುವುದು 53 ಮೆಗಾಹರ್ಟ್ಜ್‌ನಲ್ಲಿ. ತರಂಗದ ಉದ್ದ 5.66 ಮೀಟರ್. ಹಾಗಾದರೆ ಅದರ ಕಣ್ಣಿಗೆ ಬೀಳುವುದು 2.83 ಮೀಟರ್ ಅಂತರದ ಕದಡು. ಒಂದು ಬಾಗಿಲಿಗಿಂತ ಸ್ವಲ್ಪ ಎತ್ತರ ಅನ್ನಿ.

ಇದು ಸಾಧ್ಯ ಅಂತ ಜಗತ್ತಿಗೆ ಗೊತ್ತಾಗಿದ್ದು ಪೆರು ದೇಶದಿಂದ. ಲಿಮಾ ನಗರದ ಹೊರಗೆ ಒಣ ಬೆಟ್ಟಗಳ ನಡುವೆ ಹಿಕಮಾರ್ಕಾ ಅಂತ ಜಾಗ. 1960ರ ದಶಕದ ಆರಂಭದಲ್ಲಿ ಅಲ್ಲಿ 18,432 ಡೈಪೋಲ್ ಆಂಟೆನಾಗಳ ದೈತ್ಯ ರಾಡಾರ್ ಕಟ್ಟಿದರು. ಕಟ್ಟಿದ್ದು ನೂರಾರು ಕಿ.ಮೀ. ಮೇಲಿನ ಅಯಾನುಗೋಳ, ಅಂದರೆ ವಿದ್ಯುತ್ ಕಣಗಳಿರುವ ಸ್ತರ, ನೋಡಲಿಕ್ಕೆ. ಕೆಳಗಿನಿಂದ ಬರುವ ಪ್ರತಿಧ್ವನಿ ಅವರಿಗೆ ಬೇಕಾಗಿರಲಿಲ್ಲ. ರೊನಾಲ್ಡ್ ವುಡ್‌ಮನ್ ಮತ್ತು ಆಲ್ಬರ್ಟೊ ಗಿಯೆನ್ ಅದನ್ನೇ ಹಿಡಿದು ಕೂತರು. 1974ರಲ್ಲಿ ಅವರ ಲೇಖನ ಬಂತು. ಮಳೆಯಿಲ್ಲದ, ಮೋಡವಿಲ್ಲದ ಆಕಾಶದಲ್ಲಿ ಗಾಳಿಯ ವೇಗ, ಅದರಲ್ಲಿನ ಅಲ್ಲಾಟ ಎಲ್ಲವನ್ನೂ ನಿಮಿಷ ನಿಮಿಷಕ್ಕೂ ಅಳೆಯಬಹುದು ಅಂತ ತೋರಿಸಿದರು. ಎಂ.ಎಸ್.ಟಿ. ರಾಡಾರ್ ಅನ್ನುವ ಜಾತಿಯೇ ಅಲ್ಲಿಂದ ಶುರು. ಮೀಸೋಸ್ಫಿಯರ್, ಸ್ಟ್ರಾಟೋಸ್ಫಿಯರ್, ಟ್ರೋಪೋಸ್ಫಿಯರ್, ಮೇಲಿನಿಂದ ಕೆಳಕ್ಕೆ ವಾತಾವರಣದ ಈ ಮೂರು ಸ್ತರಗಳ ಮೊದಲ ಅಕ್ಷರ ಅದು.

ನಮ್ಮದು ಗಾದಂಕಿಯಲ್ಲಿ 1990ರ ದಶಕದ ಆರಂಭದಲ್ಲಿ ಎದ್ದು ನಿಂತಿತು. ಸುತ್ತ ಗುಡ್ಡಗಳಿರುವ ಜಾಗ, ಊರಿನ ರೇಡಿಯೋ ಗಲಾಟೆ ಅಷ್ಟಾಗಿ ಬರುವುದಿಲ್ಲ. ಹಳೆಯ ದೂರದರ್ಶನ ಕಾಲದಲ್ಲಿ ಮಾಳಿಗೆ ಮೇಲೆ ಆಂಟೆನಾ ಇರುತ್ತಿತ್ತಲ್ಲ, ಅದೇ ಜಾತಿಯ ಯಾಗಿ ಆಂಟೆನಾಗಳು, ಮುಖ ಆಕಾಶಕ್ಕೆ. ಒಂದು ಸಾಲಿಗೆ 32, ಅಂಥ 32 ಸಾಲು, ಒಟ್ಟು 1,024. ಜಾಗ 130 ಮೀಟರ್ ಉದ್ದ, 130 ಮೀಟರ್ ಅಗಲ, ಅಂದರೆ ನಾಲ್ಕು ಎಕರೆಗಿಂತ ಸ್ವಲ್ಪ ಜಾಸ್ತಿ. ತಟ್ಟೆಯಂತೆ ತಿರುಗುವ ರಾಡಾರ್ ನಿರೀಕ್ಷಿಸಿ ಹೋದವರಿಗೆ ನಿರಾಸೆಯಾಗುತ್ತದೆ. ಅಲ್ಲಿ ಏನೂ ತಿರುಗುವುದಿಲ್ಲ. ಒಂದು ಸಾಲಿಗಿಂತ ಮುಂದಿನ ಸಾಲಿಗೆ ಸಂಕೇತವನ್ನು ಚೂರು ತಡ ಮಾಡಿ ಕೊಟ್ಟರೆ ಸಾಕು, ಕಿರಣ ತಾನೇ ಒಂದು ಕಡೆ ವಾಲುತ್ತದೆ. ಕಟ್ಟಿದಾಗಿನ ಲೆಕ್ಕದಂತೆ ಅದರ ಗರಿಷ್ಠ ಶಕ್ತಿ 2.5 ಮೆಗಾವಾಟ್. ಹೆದರಬೇಡಿ, ಅದು ಒಂದೊಂದು ಮಿಡಿತದ ಮೈಕ್ರೋ ಸೆಕೆಂಡುಗಳಲ್ಲಿ ಮಾತ್ರ. ಸರಾಸರಿ ತೆಗೆದರೆ 60 ಕಿಲೋವಾಟ್ ಸುಮಾರು, ಐದು ಎಚ್‌.ಪಿ.ಯ ಹದಿನಾರು ಪಂಪ್‌ಸೆಟ್‌ನಷ್ಟು. ಇದನ್ನು ನಡೆಸುವುದು ಅಂತರಿಕ್ಷ ಇಲಾಖೆಯ ಕೆಳಗಿರುವ ರಾಷ್ಟ್ರೀಯ ವಾತಾವರಣ ಸಂಶೋಧನಾ ಪ್ರಯೋಗಾಲಯ, ನಾರ್ಲ್ ಅಂತ ಕರೆಯುತ್ತಾರೆ.

ಎತ್ತರ ಗೊತ್ತಾಗುವುದು ಸುಲಭ. 15 ಕಿ.ಮೀ.ಗೆ ಹೋಗಿ ಬರಲು ತರಂಗಕ್ಕೆ 100 ಮೈಕ್ರೋ ಸೆಕೆಂಡು. 75 ಕಿ.ಮೀ.ಗೆ 500. ಯಾವಾಗ ಬಂತು ಅಂತ ನೋಡಿದರೆ ಎಲ್ಲಿಂದ ಬಂತು ಅಂತ ಗೊತ್ತಾಯಿತು. ವೇಗದ ಲೆಕ್ಕ ಸೂಕ್ಷ್ಮ. ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಪಶ್ಚಿಮಕ್ಕೆ ಹೋಗುತ್ತಿದೆ ಅನ್ನಿ. ನೆಟ್ಟಗೆ ಮೇಲೆ ನೋಡುವ ಕಿರಣಕ್ಕೆ ಅದು ಗೊತ್ತೇ ಆಗುವುದಿಲ್ಲ, ಗಾಳಿ ಅಡ್ಡ ಹೋಗುತ್ತಿದೆ. ಕಿರಣವನ್ನು ಪಶ್ಚಿಮಕ್ಕೆ 10 ಡಿಗ್ರಿ ವಾಲಿಸಿ. ಈಗ ಆ 10 ಮೀಟರ್‌ನಲ್ಲಿ 1.74 ಮೀಟರ್ ಮಾತ್ರ ಕಿರಣದ ಗುಂಟ ದೂರ ಸರಿಯುವ ವೇಗವಾಗಿ ಕಾಣುತ್ತದೆ. ಅದರಿಂದ ಪ್ರತಿಧ್ವನಿಯ ಕಂಪನ ಎಷ್ಟು ಬದಲಾಗುತ್ತದೆ? 0.6 ಹರ್ಟ್ಜ್. ಐದು ಕೋಟಿ ಮೂವತ್ತು ಲಕ್ಷ ಹರ್ಟ್ಜ್‌ನಲ್ಲಿ ಅರ್ಧ ಚಿಲ್ಲರೆ! ಅಷ್ಟು ಸಣ್ಣದನ್ನು ಬಿಡಿಸಿ ನೋಡಬೇಕಾದರೆ ಒಂದೇ ದಿಕ್ಕನ್ನು ಅರ್ಧ ನಿಮಿಷದ ಹತ್ತಿರ ಕಣ್ಣು ಮಿಟುಕಿಸದೆ ನೋಡಬೇಕು. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ನೆತ್ತಿ, ಹೀಗೆ ಐದು ದಿಕ್ಕು ಮುಗಿಸಿ ಮತ್ತೆ ಮೊದಲಿಗೆ ಬರುವಷ್ಟರಲ್ಲಿ ಎರಡು-ಮೂರು ನಿಮಿಷ. ಗಾಳಿಯ ಅತಿ ಚುರುಕಿನ ಅಲೆಗೆ ಐದು ನಿಮಿಷ ಬೇಕು ಅಂದೆನಲ್ಲ, ಅದಕ್ಕೇ ಈ ಲೆಕ್ಕ ಹೇಗೋ ಸರಿಹೋಗುತ್ತದೆ. ಅದು ಒಂದು ನಿಮಿಷದ್ದಾಗಿದ್ದರೆ ನಾವೆಲ್ಲ ಬೇರೆ ಕೆಲಸ ನೋಡಿಕೊಳ್ಳಬೇಕಿತ್ತು.

ಈಗ ಕೈಯಲ್ಲಿ ಏನಿದೆ? ಒಂದು ದೊಡ್ಡ ಕೋಷ್ಟಕ. ಅಡ್ಡಕ್ಕೆ ಸಮಯ, ಉದ್ದಕ್ಕೆ ಎತ್ತರ, 150 ಮೀಟರ್‌ಗೊಂದು ಮನೆ. ಪ್ರತಿ ಮನೆಯಲ್ಲೂ ಗಾಳಿಯ ವೇಗ. ಇಡೀ ದಿನದ ಸರಾಸರಿ ಕಳೆಯಿರಿ. ಉಳಿದದ್ದಕ್ಕೆ ಬಣ್ಣ ಹಚ್ಚಿ, ಹೆಚ್ಚಿದ್ದಕ್ಕೆ ಕೆಂಪು, ಕಮ್ಮಿಯಿದ್ದಕ್ಕೆ ನೀಲಿ. ಒಳ್ಳೆಯ ದಿನವಾದರೆ ಕೆಂಪು-ನೀಲಿ ಪಟ್ಟೆಗಳು ಎದ್ದು ಕಾಣುತ್ತವೆ, ಪಂಚೆಯ ಅಂಚಿನ ಹಾಗೆ. ಮೊದಲ ಸಲ ಹಾಗೆ ಪಟ್ಟೆ ಮೂಡಿದಾಗ ನನಗೆ ಊಟ ಬೇಡವಾಗಿತ್ತು. ಆದರೆ ಪಟ್ಟೆಗಳು ಗಂಟೆ ಕಳೆದಂತೆ ಕೆಳಗೆ ಇಳಿಯುತ್ತಿದ್ದವು. 18 ಕಿ.ಮೀ.ಯಲ್ಲಿದ್ದ ಕೆಂಪು ಸಂಜೆ ಹೊತ್ತಿಗೆ 17ಕ್ಕೆ ಬಂದಿತ್ತು. ಅಲೆ ಕೆಳಗಿನಿಂದ ಮೇಲೆ ಹೋಗಬೇಕಲ್ಲವಾ? ಪ್ಲಸ್-ಮೈನಸ್ ಎಲ್ಲೋ ಅದಲುಬದಲಾಗಿದೆ ಅಂದುಕೊಂಡು ಎರಡು ದಿನ ಪ್ರೋಗ್ರಾಂ ತಿದ್ದಿದೆ.

ತಪ್ಪು ಪ್ರೋಗ್ರಾಂನಲ್ಲಿ ಇರಲಿಲ್ಲ. ಈ ಅಲೆಗಳ ಗುಣವೇ ಹಾಗೆ: ಉಬ್ಬುತಗ್ಗು ಕೆಳಗೆ ಇಳಿಯುತ್ತಿದ್ದರೆ ಶಕ್ತಿ ಮೇಲೆ ಹೋಗುತ್ತಿದೆ ಅಂತ ಅರ್ಥ. ಇದನ್ನು ಅರಗಿಸಿಕೊಳ್ಳಲು ನನಗೆ ಹೊಲದ ಸಾಲು ಸಹಾಯ ಮಾಡಿತು. ಉತ್ತ ಸಾಲಿಗೆ ನೀರು ಬಿಟ್ಟರೆ ಅದು ಸಾಲಿನ ಗುಂಟ ಹರಿಯುತ್ತದೆ, ಒಂದು ಸಾಲಿನಿಂದ ಇನ್ನೊಂದಕ್ಕೆ ಅಡ್ಡ ಹಾರುವುದಿಲ್ಲ. ಗ್ರಾವಿಟಿ ವೇವ್‌ನ ಉಬ್ಬುತಗ್ಗುಗಳು ಆಕಾಶದಲ್ಲಿ ಓರೆಯಾಗಿ ಬಿದ್ದ ಸಾಲುಗಳು. ಗಾಳಿ ಓಡಾಡುವುದು ಸಾಲಿನ ಗುಂಟ, ಶಕ್ತಿ ಹರಿಯುವುದೂ ಸಾಲಿನ ಗುಂಟ, ಓರೆಯಾಗಿ ಮೇಲಕ್ಕೆ. ಅದೇ ಹೊತ್ತಿಗೆ ಸಾಲುಗಳೇ ಒಟ್ಟಾಗಿ ಅಡ್ಡಕ್ಕೆ, ಅಂದರೆ ಓರೆಯಾಗಿ ಕೆಳಕ್ಕೆ ಸರಿಯುತ್ತಿರುತ್ತವೆ. ಸಮುದ್ರದ ಮೇಲಿನ ಅಲೆ ನೋಡಿ ಬೆಳೆದ ನಮ್ಮ ಕಣ್ಣಿಗೆ ಇದು ಒಗ್ಗುವುದಿಲ್ಲ. ಅಲ್ಲಿ ಉಬ್ಬು ಹೋದ ಕಡೆಗೇ ಶಕ್ತಿಯೂ ಹೋಗುತ್ತದೆ.

ಇನ್ನೊಂದು ಉಪಾಯವೂ ಇದೆ. ದೊಡ್ಡ, ನಿಧಾನದ ಅಲೆಗಳನ್ನು ಭೂಮಿಯ ತಿರುಗಾಟ ಹಿಡಿದು ತಿರುಚುತ್ತದೆ. ಅಂಥ ಅಲೆಯಲ್ಲಿ ಗಾಳಿಯ ಬಾಣವನ್ನು ಒಂದೊಂದೇ ಎತ್ತರಕ್ಕೆ ಹಾಳೆಯ ಮೇಲೆ ಬರೆಯುತ್ತಾ ಹೋದರೆ ಬಾಣದ ತುದಿಗಳು ಒಂದು ಅಂಡಾಕಾರ ಬಿಡಿಸುತ್ತವೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಮೇಲೆ ಹೋಗುತ್ತಾ ಬಾಣ ಗಡಿಯಾರದ ಮುಳ್ಳಿನಂತೆ ತಿರುಗಿದರೆ ಶಕ್ತಿ ಮೇಲ್ಮುಖ. ಅಂಡಾಕಾರ ಎಷ್ಟು ಚಪ್ಪಟೆ ಅನ್ನುವುದರಿಂದ ಅಲೆಯ ಅವಧಿ ತಿಳಿಯುತ್ತದೆ. ಗಾದಂಕಿಯ ಅಕ್ಷಾಂಶದಲ್ಲಿ ಇಂಥ ಅಲೆಗೆ 51 ಗಂಟೆಗಿಂತ ಜಾಸ್ತಿ ಅವಧಿ ಇರಲಾರದು. ಒಂದು ಹಾಳೆ, ಒಂದು ಪೆನ್ಸಿಲ್, ಇಪ್ಪತ್ತು ಚುಕ್ಕೆ ಸಾಕು. ಈಗಿನ ಹುಡುಗರು ಇದನ್ನು ಕೋಡ್‌ಗೆ ಬಿಟ್ಟುಬಿಡುತ್ತಾರೆ. ಒಂದು ಸಲವಾದರೂ ಕೈಯಲ್ಲಿ ಬರೆಯಬೇಕು ಅನ್ನುವುದು ನನ್ನ ಹಟ.

ಕೈಯಲ್ಲಿ ಬರೆಯದೆ ನಾನೇ ಬೇಸ್ತು ಬಿದ್ದಿದ್ದೇನೆ. ಒಮ್ಮೆ 12 ಕಿ.ಮೀ. ಹತ್ತಿರ ಬಹಳ ಚೊಕ್ಕವಾದ ಅಲೆ ಸಿಕ್ಕಿತು. ಲೇಖನದ ಅರ್ಧ ಬರೆದೂ ಆಯಿತು. ಹಿರಿಯರೊಬ್ಬರು ಚಿತ್ರ ನೋಡಿ, “ವೇಗ ಸೊನ್ನೆ ಹತ್ತಿರ ಬಂದಾಗಲೆಲ್ಲ ಹಾರುತ್ತದಲ್ಲಾ, ಯಾಕಪ್ಪಾ?” ಅಂದರು. ವಿಷಯ ಇಷ್ಟೇ. ಸುತ್ತಲಿನ ಗುಡ್ಡಗಳಿಂದಲೂ ಪ್ರತಿಧ್ವನಿ ಬರುತ್ತದೆ. ಗುಡ್ಡ ನಿಂತಲ್ಲೇ ನಿಂತಿರುತ್ತದೆ, ಹಾಗಾಗಿ ಸೊನ್ನೆ ವೇಗದ್ದನ್ನೆಲ್ಲ ಲೆಕ್ಕದಲ್ಲಿ ಮೊದಲೇ ಕತ್ತರಿಸಿ ಎಸೆಯುತ್ತೇವೆ. ಅವತ್ತು ಗಾಳಿಯೇ ಸೊನ್ನೆಯ ಹತ್ತಿರ ಓಡಾಡುತ್ತಿತ್ತು. ಗುಡ್ಡದ ಜೊತೆ ಗಾಳಿಯನ್ನೂ ಕತ್ತರಿಸಿ, ಉಳಿದ ಚೂರುಪಾರನ್ನು ಅಲೆ ಅಂದುಕೊಂಡಿದ್ದೆ. ನನ್ನ ಚೊಕ್ಕ ಅಲೆ ನನ್ನ ಕತ್ತರಿಯದೇ ಕೆಲಸ.

ಎಂ.ಎಸ್.ಟಿ. ರಾಡಾರ್‌ಗೆ ಎಲ್ಲ ಎತ್ತರವೂ ಕಾಣುವುದಿಲ್ಲ. 25-30 ಕಿ.ಮೀ. ದಾಟಿದ ಮೇಲೆ ಗಾಳಿ ತೆಳು, ತೇವವೂ ಇಲ್ಲ, ಪ್ರತಿಧ್ವನಿ ಸತ್ತುಹೋಗುತ್ತದೆ. ಮತ್ತೆ ಬರುವುದು 65ರಿಂದ 85 ಕಿ.ಮೀ. ನಡುವೆ. ಅಲ್ಲಿ ಬಿಸಿಲು ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಬಿಟ್ಟಿರುತ್ತದೆ. ಕದಡು ಆ ಎಲೆಕ್ಟ್ರಾನ್‌ಗಳನ್ನು ಕಲೆಸಿದಾಗ ರಾಡಾರ್‌ಗೆ ಕಾಣುತ್ತದೆ. ಸೂರ್ಯ ಮುಳುಗಿದರೆ ಎಲೆಕ್ಟ್ರಾನ್ ಹೋಯಿತು, ಪ್ರತಿಧ್ವನಿಯೂ ಹೋಯಿತು. ನಡುವಿನ ಖಾಲಿಯನ್ನು ತುಂಬಲು ಗಾದಂಕಿಯಲ್ಲಿ 1998ರಿಂದ ಹಸಿರು ಲೇಸರಿನ ಲೈಡಾರ್, ಅಂದರೆ ರೇಡಿಯೋ ಬದಲು ಬೆಳಕು ಬಳಸುವ ರಾಡಾರ್, ಇದೆ. ಅದು 30ರಿಂದ 80 ಕಿ.ಮೀ.ವರೆಗೆ ಉಷ್ಣತೆ ಅಳೆಯುತ್ತದೆ. ತಮಾಷೆ ನೋಡಿ, ಅದಕ್ಕೆ ರಾತ್ರಿಯೇ ಬೇಕು, ಮೋಡವೂ ಇರಬಾರದು. ಮೇಲೆ ರಾಡಾರ್‌ಗೆ ಹಗಲು, ಲೈಡಾರ್‌ಗೆ ರಾತ್ರಿ. ಇಬ್ಬರೂ ಒಂದೇ ಅಲೆಯನ್ನು ಒಟ್ಟಿಗೆ ನೋಡುವುದು ಕಷ್ಟ, ಪಾಳಿ ಬೇರೆ ಬೇರೆಯಾದ ಗಂಡ-ಹೆಂಡತಿಯ ಹಾಗೆ.

80ರಿಂದ 100 ಕಿ.ಮೀ. ಬೇಕೆಂದರೆ ಉಲ್ಕೆಗಳ ಕಾಲು ಹಿಡಿಯಬೇಕು. ಮರಳಿನ ಕಾಳಿನಷ್ಟು ಧೂಳು ದಿನವಿಡೀ ಭೂಮಿಯ ಮೇಲೆ ಬೀಳುತ್ತಿರುತ್ತದೆ. 90 ಕಿ.ಮೀ. ಸುಮಾರಿನಲ್ಲಿ ಉರಿದು, ಸೆಕೆಂಡಿಗಿಂತ ಕಮ್ಮಿ ಹೊತ್ತು ಇರುವ ಒಂದು ವಿದ್ಯುತ್ ಗೆರೆ ಬಿಟ್ಟುಹೋಗುತ್ತದೆ. ಆ ಗೆರೆಯನ್ನು ಗಾಳಿ ಎಳೆದುಕೊಂಡು ಹೋಗುತ್ತದೆ. ರಾಡಾರ್ ಆ ಎಳೆತವನ್ನು ಅಳೆಯುತ್ತದೆ. ಕಣ್ಣಿಗೆ ಕಾಣುವ ಉಲ್ಕೆಯೇ ಬೇಕಂತಿಲ್ಲ, ದಿನಕ್ಕೆ ಸಾವಿರಾರು ಸಿಗುತ್ತವೆ. ಬೆಳಗಿನ ಜಾವ ಜಾಸ್ತಿ, ಸಂಜೆ ಕಮ್ಮಿ. ಮಳೆಯಲ್ಲಿ ಬಸ್ ಓಡುವಾಗ ಮುಂದಿನ ಗಾಜಿಗೇ ಜಾಸ್ತಿ ಹನಿ ಬೀಳುತ್ತದಲ್ಲ, ಹಾಗೆ. ಬೆಳಗಿನ ಜಾವ ನಾವಿರುವುದು ಭೂಮಿ ಓಡುವ ದಿಕ್ಕಿನ ಮುಂದಿನ ಗಾಜಿನಲ್ಲಿ. ತಿರುವನಂತಪುರದ ಥುಂಬಾದಲ್ಲಿ 2004ರಿಂದ ಇಂಥ ರಾಡಾರ್ ಇತ್ತು, 35.25 ಮೆಗಾಹರ್ಟ್ಜ್‌ನದು. ಈಗ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ ಒಂದು ಇದೆ. ಗಂಟೆಗೊಂದು ಗಾಳಿಯ ಅಂಕಿ ಸಿಗುವುದರಿಂದ ಹತ್ತು ನಿಮಿಷದ ಅಲೆಯನ್ನು ಒಂದೊಂದಾಗಿ ಹಿಡಿಯಲು ಆಗುವುದಿಲ್ಲ. ದೊಡ್ಡ ಅಲೆಗಳಿಗೆ ಮಾತ್ರ ಇದು ಹೇಳಿ ಮಾಡಿಸಿದ್ದು. ಸೂರ್ಯನ ಬಿಸಿಯಿಂದ 24 ಗಂಟೆ, 12 ಗಂಟೆಗೆ ಏಳುವ ವಾತಾವರಣದ ಉಬ್ಬರವಿಳಿತ, ಎರಡು ದಿನದ್ದು, ಐದು ದಿನದ್ದು, ಹದಿನಾರು ದಿನದ್ದು, ಎಲ್ಲ ಅದಕ್ಕೆ ಸಿಗುತ್ತವೆ.

ನಿಪ್ಪಾಣಿಯಿಂದ ಆಚೆ ಕೊಲ್ಹಾಪುರದಲ್ಲಿ ಇನ್ನೊಂದು ಜಾತಿಯ ರಾಡಾರ್ ಇದೆ, 1.98 ಮೆಗಾಹರ್ಟ್ಜ್‌ನದು. ತಮಿಳುನಾಡಿನ ತಿರುನೆಲ್ವೇಲಿಯಲ್ಲೂ ಅದೇ ಥರದ್ದು. ಇದು ಕಿರಣ ವಾಲಿಸುವುದೇ ಇಲ್ಲ. ಮೋಡದ ನೆರಳು ಒಂದು ಹೊಲ ದಾಟಿ ಇನ್ನೊಂದು ಹೊಲಕ್ಕೆ ಎಷ್ಟು ಹೊತ್ತಿಗೆ ಹೋಯಿತು ಅಂತ ನೋಡಿದರೆ ಗಾಳಿಯ ವೇಗ ಹೇಳಬಹುದಲ್ವಾ? ಪ್ರತಿಧ್ವನಿಯೂ ನೆಲದ ಮೇಲೆ ಅಂಥ ನೆರಳು-ಬೆಳಕಿನ ಚಿತ್ತಾರ ಬೀಳಿಸುತ್ತದೆ. ಮೂರು ಆಂಟೆನಾ ತ್ರಿಕೋನವಾಗಿ ನಿಲ್ಲಿಸಿ, ಚಿತ್ತಾರ ಯಾವುದಕ್ಕೆ ಮೊದಲು ಬಂತು ಅಂತ ನೋಡುತ್ತಾರೆ. ಒಂದು ಎಚ್ಚರ: ಚಿತ್ತಾರ ಓಡುವುದು ಗಾಳಿಯ ಎರಡರಷ್ಟು ವೇಗದಲ್ಲಿ. ಎರಡರಿಂದ ಭಾಗಿಸುವುದು ಮರೆತು ಪೇಚಿಗೆ ಸಿಕ್ಕವರಿದ್ದಾರೆ. ಈ ಸಲ ನಾನಲ್ಲ.

ಉಪಯೋಗ ಏನು ಅಂದಿರಿ. ಉಪಗ್ರಹ, ಜಿ.ಪಿ.ಎಸ್., ವಿಮಾನದ ಕುಲುಕಾಟ ಅಂತ ಒಂದು ಉದ್ದ ಪಟ್ಟಿ ಕೊಡಬಹುದು. ಅದಕ್ಕಿಂತ ನನ್ನನ್ನು ಈ ಕೆಲಸಕ್ಕೆ ಎಳೆದ ಒಂದು ಒಗಟು ಹೇಳುತ್ತೇನೆ. ಧ್ರುವಗಳಲ್ಲಿ ಬೇಸಿಗೆಯಲ್ಲಿ 24 ಗಂಟೆಯೂ ಬಿಸಿಲು. ಆಗ ಅಲ್ಲಿ 85-90 ಕಿ.ಮೀ. ಎತ್ತರದಲ್ಲಿ ಚಳಿ ಸುಮಾರು ಮೈನಸ್ 140 ಡಿಗ್ರಿ. ಭೂಮಿಯ ವಾತಾವರಣದಲ್ಲೇ ಅದಕ್ಕಿಂತ ತಣ್ಣನೆಯ ಜಾಗ ಇಲ್ಲ. ಸೂರ್ಯನೇ ಇಲ್ಲದ ಚಳಿಗಾಲದಲ್ಲಿ ಅದೇ ಜಾಗ ಅದಕ್ಕಿಂತ ಬೆಚ್ಚಗೆ! ಕಾರಣ ಈ ಅಲೆಗಳು. ಕೆಳಗಿನಿಂದ ಬಂದವು ಅಲ್ಲಿ ಒಡೆದು ಗಾಳಿಗೆ ತಡೆ ಹಾಕುತ್ತವೆ. ತಡೆ ಬಿದ್ದ ಗಾಳಿ ಭೂಮಿಯ ತಿರುಗಾಟದಿಂದಾಗಿ ಬೇಸಿಗೆಯ ಧ್ರುವದಿಂದ ಚಳಿಗಾಲದ ಧ್ರುವಕ್ಕೆ ಹೊರಳುತ್ತದೆ. ಖಾಲಿಯಾದ ಜಾಗ ತುಂಬಲು ಬೇಸಿಗೆಯ ಧ್ರುವದಲ್ಲಿ ಕೆಳಗಿನ ಗಾಳಿ ಮೇಲೇರುತ್ತದೆ, ಏರುತ್ತಾ ಹಿಗ್ಗುತ್ತದೆ, ಹಿಗ್ಗಿ ತಣ್ಣಗಾಗುತ್ತದೆ. ನಿಮ್ಮ ತೊಟ್ಟಿಯ ಬಿಂದಿಗೆಯ ಲೆಕ್ಕವೇ, ಭೂಮಿಯಷ್ಟು ದೊಡ್ಡದಾಗಿ.

ಭೂಮಧ್ಯರೇಖೆಯ ಮೇಲೂ ಒಂದಿದೆ. 20-30 ಕಿ.ಮೀ. ಎತ್ತರದ ಗಾಳಿ ಒಂದಷ್ಟು ತಿಂಗಳು ಪೂರ್ವದಿಂದ, ಒಂದಷ್ಟು ತಿಂಗಳು ಪಶ್ಚಿಮದಿಂದ ಬೀಸುತ್ತದೆ. ಒಂದು ಸುತ್ತಿಗೆ ಸರಾಸರಿ 28 ತಿಂಗಳು. ವರ್ಷಕ್ಕೂ ಹೊಂದದ, ಋತುವಿಗೂ ಹೊಂದದ ಈ ತಾಳ ಯಾಕೆ ಅಂತ ಯಾರಿಗೂ ಹೊಳೆದಿರಲಿಲ್ಲ. ಕೆಳಗಿನಿಂದ ಬರುವ ಅಲೆಗಳೇ ಗಾಳಿಯನ್ನು ಸರದಿಯ ಮೇಲೆ ಆ ಕಡೆ, ಈ ಕಡೆ ತಳ್ಳುತ್ತವೆ ಎಂದು 1968ರಲ್ಲಿ ಲಿಂಡ್ಜನ್ ಮತ್ತು ಹೋಲ್ಟನ್ ತೋರಿಸಿದರು. 2016ರ ಶುರುವಿನಲ್ಲಿ ಆ ತಾಳ ಇದ್ದಕ್ಕಿದ್ದಂತೆ ತಪ್ಪಿತು, 2019-20ರಲ್ಲಿ ಇನ್ನೊಮ್ಮೆ ತಪ್ಪಿತು. ಹವಾಮಾನದ ಕಂಪ್ಯೂಟರ್ ಮಾದರಿಗಳಿಗೆ ಸಣ್ಣ ಅಲೆಗಳು ಕಾಣುವುದಿಲ್ಲ, ಅವುಗಳ ಜಾಲರಿಯ ಕಣ್ಣು ದೊಡ್ಡದು. ಹಾಗಾಗಿ ಅಲೆ ಎಷ್ಟು ತಳ್ಳುತ್ತದೆ ಅನ್ನುವುದನ್ನು ಅಂದಾಜಿನಲ್ಲಿ ತುಂಬುತ್ತಾರೆ. ಆ ಅಂದಾಜು ಸರಿಯಾ ಅಂತ ಒರೆ ಹಚ್ಚಲು ನೇರವಾದ ಅಳತೆ ಬೇಕು. ಎದುರುಬದುರು ವಾಲಿಸಿದ ಎರಡು ಕಿರಣಗಳಲ್ಲಿ ಗಾಳಿಯ ಅಲ್ಲಾಟ ಎಷ್ಟು ವ್ಯತ್ಯಾಸ ಇದೆ ಅಂತ ನೋಡಿದರೆ ಆ ತಳ್ಳಾಟದ ಲೆಕ್ಕ ಸಿಗುತ್ತದೆ. ವಿನ್ಸೆಂಟ್ ಮತ್ತು ರೀಡ್ 1983ರಲ್ಲಿ ಈ ದಾರಿ ತೋರಿಸಿದರು. ರಾಡಾರ್‌ನಷ್ಟು ನೇರವಾಗಿ ಇದನ್ನು ಅಳೆಯುವ ಉಪಕರಣ ಕಮ್ಮಿ.

ಗಾದಂಕಿಗೆ ಹೋಗುವ ಮೊದಲು ನೀವು ಮನೆಯಲ್ಲೇ ಒಂದು ಅಲೆ ಹಿಡಿಯಬಹುದು. ಹಲವು ಫೋನ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ, ಅದನ್ನು ದಾಖಲಿಸುವ ಆ್ಯಪ್ ಪುಕ್ಕಟೆ ಸಿಗುತ್ತವೆ. ಮಳೆಯಿಲ್ಲದ ಮೂರು ದಿನ ಆರಿಸಿಕೊಳ್ಳಿ. ಫೋನನ್ನು ಅಟ್ಟದ ಮೇಲೋ ಗೂಡಿನಲ್ಲೋ ಇಟ್ಟು ಚಾರ್ಜರ್ ಹಾಕಿ ಮರೆತುಬಿಡಿ. ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಏರಿರುತ್ತದೆ, ಸಂಜೆ ನಾಲ್ಕಕ್ಕೆ ಇಳಿದಿರುತ್ತದೆ, ರಾತ್ರಿ ಹತ್ತಕ್ಕೆ ಮತ್ತೆ ಏರು, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಇಳಿತ. ದಿನಕ್ಕೆ ಎರಡು ಉಬ್ಬು. ಸೂರ್ಯ ಬರುವುದು ದಿನಕ್ಕೆ ಒಂದೇ ಸಲ, ಉಬ್ಬು ಯಾಕೆ ಎರಡು? ಬಹುಪಾಲು ಮೇಲಿನ ಓಝೋನ್ ಬಿಸಿಲು ಹೀರಿ ಎಬ್ಬಿಸುವ 12 ಗಂಟೆಯ ಅಲೆ ಅದು. ತಿರುಪತಿಯ ಉಲ್ಕೆ ರಾಡಾರ್ 90 ಕಿ.ಮೀ. ಮೇಲೆ ಹಿಡಿಯುವ 12 ಗಂಟೆಯ ಅಲೆಗೂ ಇದಕ್ಕೂ ಬಳಗ ಒಂದೇ.

ಏರಿಳಿತ ದೊಡ್ಡದಲ್ಲ, ಒಂದು ಮೂರು ಹೆಕ್ಟೊಪಾಸ್ಕಲ್ ಆಸುಪಾಸು. ಎಂಟೊಂಬತ್ತು ಮಹಡಿ ಹತ್ತಿ ಇಳಿದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ಗ್ರಾಫ್ ಬಂದರೆ ನನಗೂ ಒಂದು ಕಳಿಸಿ. ನಡುವೆ ಎಲ್ಲಾದರೂ ಒತ್ತಡ ಥಟ್ಟನೆ ಕುಸಿದು, ಅರ್ಧ ಗಂಟೆ ಬಿಟ್ಟು ಥಟ್ಟನೆ ಮೇಲೆದ್ದಿದ್ದರೆ ಹೊಸ ಅಲೆ ಸಿಕ್ಕಿತು ಅಂತ ಕುಣಿಯಬೇಡಿ. ಫೋನ್ ತೆಗೆದುಕೊಂಡು ಮಾಳಿಗೆಗೆ ಹೋದವರು ಯಾರು ಅಂತ ಮೊದಲು ಮನೆಯಲ್ಲಿ ವಿಚಾರಿಸಿ.